ಗುರೊ, ಮಾಎಸ್ತ್ರ, ಟಿಟ್ಸರ್

ಫಿಲಿಪೀನ್ಸಿನಲ್ಲಿ ಪಾಠ ಹೇಳಿಕೊಡುವವರಿಗೆ ಮೂರು ಹೆಸರುಗಳಿವೆ. ಮೊದಲನೆಯದು 'ಗುರೊ'. ಇದು ಎಲ್ಲಿಂದ ಹೋದದ್ದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸಂಸ್ಕೃತದ ಗುರು ಮಲಯ ಭಾಷೆಯ ಹಡಗು ಹತ್ತಿ ಆ ದ್ವೀಪಗಳನ್ನು ಮುಟ್ಟಿ ಶತಮಾನಗಳೇ ಆಗಿವೆ. ಎರಡನೆಯದು 'ಮಾಎಸ್ತ್ರ'. ಮುನ್ನೂರು ಚಿಲ್ಲರೆ ವರ್ಷ ಆಳಿದ ಸ್ಪೇನಿನವರು ಟೀಚರಮ್ಮನಿಗೆ ಬಿಟ್ಟುಹೋದ ಹೆಸರು ಇದು. ನಮ್ಮಲ್ಲಿ ಮನೆ ಕಟ್ಟುವ ಮೇಸ್ತ್ರಿ ಇದ್ದಾನಲ್ಲ, ಅವನ ಹೆಸರು ಪೋರ್ಚುಗೀಸರಿಂದ ಬಂತು. ಎರಡೂ ಒಂದೇ ಬೇರಿನ ಪದಗಳು. ಮೂರನೆಯದು 'ಟಿಟ್ಸರ್'. ಅಮೆರಿಕದವರು ತಂದ ಟೀಚರ್ ಅಲ್ಲಿನವರ ನಾಲಿಗೆಗೆ ಒಗ್ಗಿ ಟಿಟ್ಸರ್ ಆಯ್ತು.

ನಾನು ಕೆಲಸ ಮಾಡುವ ಕಂಪನಿಗೆ ಮನಿಲಾದಲ್ಲೂ ಒಂದು ಆಫೀಸಿದೆ. ದಿನಾ ಬೆಳಿಗ್ಗೆ ಕಾಲ್ ಇರುತ್ತೆ. ಎಲ್ಲರೂ ಸೇರುವ ತನಕ ಮಳೆ, ಟ್ರಾಫಿಕ್ಕು, ಮನೆ ಸಮಾಚಾರ ನಡೀತಿರುತ್ತೆ. ಹಾಗೆ ಮಾತಾಡುವಾಗ ಒಂದು ವಿಷಯ ಗಮನಕ್ಕೆ ಬಂತು. ಆ ಟೀಮಿನವರಲ್ಲಿ ಯಾರನ್ನು ಕೇಳಿದರೂ ಅಮ್ಮನೋ, ದೊಡ್ಡಮ್ಮನೋ, ಅಜ್ಜಿಯೋ ಟೀಚರ್. ಅವರಲ್ಲಿ ಒಬ್ಬರಾದರೂ ಅಮೆರಿಕಕ್ಕೆ ಹೋಗಿ ಅಲ್ಲೂ ಪಾಠ ಮಾಡಿ, ಭಾನುವಾರ ಊರಿನವರ ಸಂಘದ ಕೆಲಸ ಮಾಡಿ, ತೀರಿಕೊಂಡಾಗ ಊರೆಲ್ಲ ಸೇರಿ ಹೊಗಳಿದ ಕಥೆ ಇರುತ್ತೆ. ಹೊಗಳಿಕೆಯ ಮಾತುಗಳೂ ನಮಗೆ ಪರಿಚಯದವೇ: ತ್ಯಾಗಮಯಿ, ನಿಸ್ವಾರ್ಥಿ, ತನಗಾಗಿ ಏನೂ ಇಟ್ಟುಕೊಳ್ಳಲಿಲ್ಲ.

ಈ ಮಾತುಗಳು ಸುಳ್ಳಲ್ಲ. ಆದರೆ ಒಂದೇ ದೇಶದ ಇಷ್ಟೊಂದು ಅಮ್ಮಂದಿರಿಗೆ ಒಂದೇ ಬಗೆಯ ತ್ಯಾಗ ಬುದ್ಧಿ ಹೇಗೆ ಬಂತು ಅನ್ನೋ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದುತ್ತಾ ಹೋದೆ. ಉತ್ತರ ಸಿಕ್ಕಿದ್ದು ಹಡಗುಗಳಲ್ಲಿ, ಕಾಯ್ದೆಗಳಲ್ಲಿ, ಮೀನಿನ ಡಬ್ಬಿಗಳಲ್ಲಿ. ಕೊನೆಗೆ, ಅಲಾಸ್ಕಾದಲ್ಲಿ ಬಾಳಿದ ಒಬ್ಬ ಟೀಚರಮ್ಮನ ಬದುಕಿನಲ್ಲಿ.

ಬಂದೂಕಿನ ಹಿಂದೆಯೇ ಬಂದ ಬಳಪ

1898ರಲ್ಲಿ ಸ್ಪೇನ್ ಯುದ್ಧ ಸೋತು ಫಿಲಿಪೀನ್ಸನ್ನು ಅಮೆರಿಕಕ್ಕೆ 2 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಇಡೀ ದೇಶವನ್ನು ಸೈಟು ರಿಜಿಸ್ಟರ್ ಮಾಡಿದ ಹಾಗೆ! ಸ್ಪೇನಿನ ವಿರುದ್ಧ ಹೋರಾಡಿ ಸ್ವಾತಂತ್ರ್ಯ ಸಾರಿಕೊಂಡಿದ್ದ ಫಿಲಿಪಿನೊಗಳು ಇದನ್ನು ಒಪ್ಪಲಿಲ್ಲ. 1899ರಲ್ಲಿ ಅಮೆರಿಕದ ಜೊತೆ ಯುದ್ಧ ಶುರುವಾಯ್ತು. ಯುದ್ಧ ಇನ್ನೂ ನಡೀತಿರುವಾಗಲೇ, 1901ರ ಜನವರಿಯಲ್ಲಿ, ಹೊಸ ದೊರೆಗಳು ಒಂದು ಕಾಯ್ದೆ ತಂದರು. ಊರೂರಿಗೆ ಸರ್ಕಾರಿ ಶಾಲೆ, ಪುಕ್ಕಟೆ ಓದು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ 'ಥಾಮಸ್' ಎಂಬ ಸೇನಾ ಹಡಗು ಸುಮಾರು 500 ಅಮೆರಿಕನ್ ಶಿಕ್ಷಕ ಶಿಕ್ಷಕಿಯರನ್ನು ಮನಿಲಾದಲ್ಲಿ ಇಳಿಸಿತು. ಹಡಗಿನ ಹೆಸರಿನಿಂದಲೇ ಅವರನ್ನು 'ಥಾಮಸೈಟ್' ಅಂತ ಕರೀತಾರೆ. ಸೆಪ್ಟೆಂಬರ್ ಬರುವ ಹೊತ್ತಿಗೆ ಅಲ್ಲಿನವರನ್ನೇ ಟೀಚರ್ ಮಾಡಲು ಮನಿಲಾದಲ್ಲಿ ನಾರ್ಮಲ್ ಸ್ಕೂಲು ತೆರೆದಾಗಿತ್ತು.

ನಮಗಿಲ್ಲಿ ಮೆಕಾಲೆ ನೆನಪಾಗೋದು ಸಹಜ. ಆದರೆ ವ್ಯತ್ಯಾಸ ಇದೆ. ಬ್ರಿಟಿಷರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಆಫೀಸಿಗೆ ಗುಮಾಸ್ತರು, ಮೇಲ್ವರ್ಗದ ಮಧ್ಯವರ್ತಿಗಳು. ಅಮೆರಿಕನ್ನರು ಹಳ್ಳಿಯ ಮಕ್ಕಳ ತನಕ ಇಂಗ್ಲಿಷ್ ಇಳಿಸಲು ಹೊರಟರು. ಹಾಗೆ ಇಳಿಸಬೇಕಾದರೆ ಸಾವಿರಾರು ಟೀಚರುಗಳು ಬೇಕು, ಅವರು ಕಡಿಮೆ ಸಂಬಳಕ್ಕೆ ಬರಬೇಕು. ಹಡಗಿನಲ್ಲಿ ಬಂದ 500 ಜನ ಎಲ್ಲಿಗೆ ಸಾಕು? ಕೆಲಸ ಬಿದ್ದದ್ದು ಊರಿನ ಹೆಣ್ಣುಮಕ್ಕಳ ಮೇಲೆ. ಮನೆಯಿಂದ ಹೊರಗೆ ಹೆಜ್ಜೆ ಇಡಲು ಮರ್ಯಾದಸ್ಥ ದಾರಿ ಅಂತ ಒಂದಿದ್ದರೆ ಅದು ಶಾಲೆಯದು. ಊರಿನಲ್ಲಿ ಟೀಚರಮ್ಮನಿಗೆ ಗೌರವ ಇತ್ತು, ತಿಂಗಳ ಕೊನೆಗೆ ಸ್ವಂತ ದುಡ್ಡು ಇತ್ತು. ಕಾಗದ ಓದಿಸಿಕೊಳ್ಳುವವರು, ಅರ್ಜಿ ಬರೆಸಿಕೊಳ್ಳುವವರು, ಜಗಳ ತೀರಿಸಿಕೊಳ್ಳುವವರು ಎಲ್ಲ ಬರುತ್ತಿದ್ದದ್ದು ಅವಳ ಮನೆಗೇ. ಪಾಠ ಮತ್ತು ಊರ ಸೇವೆ ಎರಡೂ ಒಂದೇ ಕೆಲಸವಾಗಿ ಬೆಸೆದುಕೊಂಡದ್ದು ಹೀಗೆ. ಒಂದಕ್ಕೆ ಸಂಬಳ, ಇನ್ನೊಂದಕ್ಕೆ ಹೊಗಳಿಕೆ.

ಇನ್ನೊಂದು ಪರಿಣಾಮವೂ ಆಯ್ತು. ಒಂದು ಮಗು ಅಆಇಈ ಕಲಿಯುವ ವಯಸ್ಸಿನಲ್ಲಿ ಅಮೆರಿಕದ ಪುಸ್ತಕ, ಅಮೆರಿಕದ ಹಾಡು, ಅಮೆರಿಕದ ಹೀರೋಗಳ ಕಥೆ ಓದಿದರೆ ದೊಡ್ಡವನಾದ ಮೇಲೆ ಎಲ್ಲಿಗೆ ಹೋಗಲು ಆಸೆಪಡುತ್ತೆ? ಟೀಚರಮ್ಮ ತನಗೆ ಗೊತ್ತಿಲ್ಲದೆಯೇ ಊರಿನ ಮಕ್ಕಳಿಗೆ ವಲಸೆಯ ಪಾಠ ಹೇಳಿಕೊಡುತ್ತಿದ್ದಳು.

ಹೆಂಗಸರಿಲ್ಲದ ಊರು

ಮೊದಲು ಹೊರಟವರು ಗಂಡಸರು. ಹವಾಯಿಯ ಕಬ್ಬಿನ ಗದ್ದೆ, ಕ್ಯಾಲಿಫೋರ್ನಿಯಾದ ತೋಟ, ಬೇಸಿಗೆ ಬಂತೆಂದರೆ ಅಲಾಸ್ಕಾ. ಅಲ್ಲಿ ಸಾಲ್ಮನ್ ಮೀನನ್ನು ಕೊಯ್ದು, ತೊಳೆದು, ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಸಿಯಾಟಲ್‌ನಿಂದ ಹಡಗಿನಲ್ಲಿ ಹೋಗಿ ಸೀಸನ್ ಮುಗಿಸಿ ವಾಪಸ್ಸಾಗುತ್ತಿದ್ದ ಈ ಹುಡುಗರಿಗೆ 'ಅಲಾಸ್ಕೆರೊ' ಅಂತ ಹೆಸರು. ಬಿಳಿಯರಿಗೆ ಒಂದು ವಸತಿ, ಇವರಿಗೆ ಬೇರೆ. ಊಟದ ಮನೆಯೂ ಬೇರೆ.

1930ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುಕಮ್ಮಿ 14 ಫಿಲಿಪಿನೊ ಗಂಡಸರಿಗೆ ಒಬ್ಬ ಫಿಲಿಪಿನಾ ಹೆಂಗಸು ಇದ್ದಳು. ಬಿಳಿ ಹುಡುಗಿಯರ ಜೊತೆ ಕುಣಿದರು ಅನ್ನೋ ಸಿಟ್ಟಿಗೆ ಆ ವರ್ಷ ಜನವರಿಯಲ್ಲಿ ವಾಟ್ಸನ್‌ವಿಲ್ ಊರಿನಲ್ಲಿ ದೊಂಬಿ ಎದ್ದು, ಫರ್ಮಿನ್ ಟೊಬೆರಾ ಎಂಬ 22ರ ಹುಡುಗ ಗುಂಡೇಟಿಗೆ ಸತ್ತ. 1933ರಲ್ಲಿ ಆ ರಾಜ್ಯ ಬಿಳಿಯರ ಜೊತೆ ಫಿಲಿಪಿನೊಗಳ ಮದುವೆಯನ್ನೂ ಕಾನೂನಿನಿಂದ ತಡೆಯಿತು. 1934ರಲ್ಲಿ ಬಂದ ಟೈಡಿಂಗ್ಸ್–ಮಕ್‌ಡಫಿ ಕಾಯ್ದೆ ಫಿಲಿಪೀನ್ಸಿಗೆ ಹತ್ತು ವರ್ಷಗಳ ನಂತರ ಸ್ವಾತಂತ್ರ್ಯದ ಮಾತು ಕೊಟ್ಟಿತು. ಅದರ ಜೊತೆಗೇ ವರ್ಷಕ್ಕೆ ಬರೀ 50 ಜನ ಅಮೆರಿಕಕ್ಕೆ ಬರಬಹುದು ಅಂತ ಬಾಗಿಲು ಹಾಕಿತು.

ಹೆಂಗಸರು, ಮಕ್ಕಳು, ಅಜ್ಜಿಯರು ಇಲ್ಲದ ಕಡೆ ನೆನಪು ನಿಲ್ಲುವುದಿಲ್ಲ. ಆ ಹುಡುಗರು ಮುದುಕರಾದರು. ಎಷ್ಟೋ ಮಂದಿ ಮದುವೆಯಿಲ್ಲದೆ, ಬಾಡಿಗೆ ರೂಮುಗಳಲ್ಲಿ ತೀರಿಹೋದರು. ಅವರ ಕಥೆ ಹೇಳಲು ಮನೆ ಅಂತ ಒಂದು ಇರಲಿಲ್ಲ.

ಕ್ಲವೇರಿಯಾದ ಹುಡುಗಿ

ಆ 1934ರಲ್ಲೇ, ಆಗಸ್ಟ್ 1ರಂದು, ಲೂಜಾನ್ ದ್ವೀಪದ ಉತ್ತರದ ಅಂಚಿನಲ್ಲಿರುವ ಕ್ಲವೇರಿಯಾ ಎಂಬ ಊರಿನಲ್ಲಿ ಥೆಲ್ಮಾ ಗಾರ್ಸಿಯಾ ಹುಟ್ಟಿದರು. ಮುಂದೆ ಥೆಲ್ಮಾ ಬುಕೋಲ್ಟ್ ಅಂತ ಹೆಸರಾದವರು. ಅವರ ಬಾಲ್ಯದಲ್ಲೇ ಜಪಾನಿನವರು ದಾಳಿ ಮಾಡಿದರು, ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು.

ಸ್ವಾತಂತ್ರ್ಯ ಬಂದದ್ದು 1946ರ ಜುಲೈ 4ಕ್ಕೆ. ಅದಕ್ಕೆ ಎರಡು ದಿನ ಮೊದಲು ಅಮೆರಿಕದ ಅಧ್ಯಕ್ಷ ಟ್ರೂಮನ್ ಲೂಸ್–ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ಈ ಹೆಸರನ್ನು ನಾವೂ ನೆನಪಿಡಬೇಕು. ಯಾಕೆಂದರೆ ಅದರಲ್ಲಿ ಇದ್ದದ್ದು ಎರಡೇ ದೇಶದವರ ವಿಚಾರ: ಫಿಲಿಪಿನೊಗಳು ಮತ್ತು ಭಾರತೀಯರು. ಇಬ್ಬರಿಗೂ ವರ್ಷಕ್ಕೆ ನೂರು ನೂರು ಜನ ಬರಬಹುದು, ಇಬ್ಬರೂ ಅಮೆರಿಕದ ಪೌರತ್ವ ಪಡೆಯಬಹುದು. ಇವತ್ತು ಅಮೆರಿಕದ ಪೌರತ್ವ ತಗೊಂಡ ನಮ್ಮ ಕಸಿನ್ನುಗಳು, ಫ್ರೆಂಡ್ಸು ನಡೆದ ದಾರಿಯ ಮೊದಲ ಕಲ್ಲನ್ನು ಇಟ್ಟದ್ದು ಈ ಕಾಯ್ದೆ. ಅಲ್ಲಿ ನಮ್ಮ ಪಕ್ಕದಲ್ಲೇ ನಿಂತಿದ್ದವರು ಫಿಲಿಪಿನೊಗಳು.

ಥೆಲ್ಮಾ 1951ರಲ್ಲಿ ಅಮೆರಿಕಕ್ಕೆ ಹೋದರು, ಇನ್ನೂ ಹದಿಹರೆಯ. ಲಾಸ್ ಏಂಜಲಿಸ್‌ನ ಮೌಂಟ್ ಸೇಂಟ್ ಮೇರಿಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. ಮದುವೆಯಾಯ್ತು, ಮಕ್ಕಳಾದವು. ನೆವಾಡಾದಲ್ಲಿ ಶಾಲಾ ಟೀಚರ್ ಆಗಿದ್ದರು. 1965ರಲ್ಲಿ ಸಂಸಾರ ಸಮೇತ ಅಲಾಸ್ಕಾದ ಆಂಕರೇಜ್‌ಗೆ ಬಂದರು. ಅದರ ಹಿಂದಿನ ವರ್ಷವಷ್ಟೇ ಆ ಊರು 9.2 ತೀವ್ರತೆಯ ಭೂಕಂಪಕ್ಕೆ ತತ್ತರಿಸಿತ್ತು.

ಅಲ್ಲಿಂದ ಮುಂದಿನದು ನಮಗೆಲ್ಲ ಪರಿಚಯದ ಚಿತ್ರವೇ. ಊರಿಗೆ ಹೊಸದಾಗಿ ಬಂದ, ಇಂಗ್ಲಿಷ್ ಚೆನ್ನಾಗಿ ಬಲ್ಲ, ಪಾಠ ಮಾಡಿ ಅಭ್ಯಾಸ ಇರುವ ಹೆಂಗಸು. ಯಾರಿಗೋ ಫಾರ್ಮ್ ತುಂಬಬೇಕು, ಇನ್ನ್ಯಾರಿಗೋ ಮಗುವನ್ನು ಶಾಲೆಗೆ ಸೇರಿಸಬೇಕು, ಹಬ್ಬಕ್ಕೆ ಹಾಲ್ ಬುಕ್ ಮಾಡಬೇಕು. ಇಂಥ ಕೆಲಸ ಬಂದಾಗ ಎಲ್ಲರೂ ಹುಡುಕಿಕೊಂಡು ಹೋಗೋದು ಇಂಥವರನ್ನೇ. ಇಲ್ಲಿಗೇ ನಿಂತಿದ್ದರೆ ಥೆಲ್ಮಾ ಕೂಡ ಹೊಗಳಿಕೆಯ ಪಟ್ಟಿಯಲ್ಲಿ ಒಂದು ಹೆಸರಾಗಿ ಕರಗಿ ಹೋಗುತ್ತಿದ್ದರು.

ಅವರು ನಿಲ್ಲಲಿಲ್ಲ. 1974ರಲ್ಲಿ ಅಲಾಸ್ಕಾ ರಾಜ್ಯದ ಪ್ರತಿನಿಧಿ ಸಭೆಗೆ ಚುನಾವಣೆಗೆ ನಿಂತು ಗೆದ್ದರು. ಅಮೆರಿಕದ ಯಾವುದೇ ರಾಜ್ಯದ ಶಾಸನಸಭೆಗೆ ಆರಿಸಿ ಬಂದ ಮೊದಲ ಫಿಲಿಪಿನೊ ಅಮೆರಿಕನ್ ಮಹಿಳೆ ಅವರು. ಸತತ ನಾಲ್ಕು ಅವಧಿ, 1983ರ ಜನವರಿಯ ತನಕ, ಶಾಸಕಿಯಾಗಿದ್ದರು. ಅಲಾಸ್ಕಾದ ರಾಜಧಾನಿ ಜೂನೋ. ಆಂಕರೇಜ್‌ನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಇವತ್ತಿಗೂ ವಿಮಾನ, ಇಲ್ಲವೇ ಹಡಗು. ಅಧಿವೇಶನ ಶುರುವಾಗೋದು ಜನವರಿಯ ಚಳಿಯಲ್ಲಿ. ಮಕ್ಕಳಿರುವ ತಾಯಿಯೊಬ್ಬಳು ವರ್ಷ ವರ್ಷ ಈ ಪ್ರಯಾಣ ಮಾಡಿದ್ದನ್ನು ನಾವು 'ಸೇವೆ' ಅನ್ನುತ್ತೇವೋ, 'ಅಧಿಕಾರ' ಅನ್ನುತ್ತೇವೋ? ನನಗಂತೂ ಎರಡನೇ ಮಾತೇ ಸರಿ ಅನಿಸುತ್ತೆ. ಊರಿನವರ ಫಾರ್ಮ್ ತುಂಬಿಕೊಡುವುದು ಸೇವೆ. ಆ ಫಾರ್ಮಿನಲ್ಲಿ ಏನು ಕೇಳಬೇಕು ಅಂತ ತೀರ್ಮಾನಿಸುವ ಕುರ್ಚಿಯಲ್ಲಿ ಕೂರುವುದು ಬೇರೆ.

1974 ಎಂಬ ವರ್ಷ

ಆ ವರ್ಷವನ್ನು ಇನ್ನೂ ಸ್ವಲ್ಪ ಹಿಡಿದು ನೋಡೋಣ. ಥೆಲ್ಮಾ ಗೆದ್ದ 1974ರಲ್ಲೇ ಅಲಾಸ್ಕಾದ ಮೀನು ಕಾರ್ಖಾನೆಗಳ ಫಿಲಿಪಿನೊ ಮತ್ತು ಮೂಲನಿವಾಸಿ ಕೆಲಸಗಾರರು ಒಂದು ಕೇಸು ಹಾಕಿದರು. ಮೀನು ಕೊಯ್ಯುವ ಸಾಲಿನಲ್ಲಿ ತಾವು, ಸಂಬಳ ಜಾಸ್ತಿ ಇರುವ ಕೆಲಸಗಳಲ್ಲಿ ಬಹುಪಾಲು ಬಿಳಿಯರು, ವಸತಿ ಬೇರೆ, ಊಟ ಬೇರೆ. ಇದು ತಾರತಮ್ಯ ಅಂತ. 'ವಾರ್ಡ್ಸ್ ಕೋವ್ ಕೇಸು' ಅಂತ ಪ್ರಸಿದ್ಧವಾದ ಇದು 15 ವರ್ಷ ನಡೆದು ಸುಪ್ರೀಂ ಕೋರ್ಟ್ ಮುಟ್ಟಿತು. 1989ರಲ್ಲಿ 5–4ರ ಅಂತರದಲ್ಲಿ ಕೆಲಸಗಾರರಿಗೆ ಹಿನ್ನಡೆಯಾಯ್ತು. ಈ ವ್ಯವಸ್ಥೆ ಹಳೆಯ ಪ್ಲಾಂಟೇಶನ್‌ಗಳನ್ನು ನೆನಪಿಸುತ್ತದೆ ಅಂತ ಭಿನ್ನಮತದಲ್ಲಿ ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್. 1991ರಲ್ಲಿ ಅಮೆರಿಕದ ಸಂಸತ್ತು ಹೊಸ ನಾಗರಿಕ ಹಕ್ಕುಗಳ ಕಾಯ್ದೆ ತಂದು ಆ ತೀರ್ಪಿನ ಪರಿಣಾಮವನ್ನು ಬಹುಮಟ್ಟಿಗೆ ತೊಡೆಯಿತು. ಆದರೆ ಅದೇ ಕಾಯ್ದೆಯೊಳಗೆ ಒಂದು ಸಣ್ಣ ಕಲಮು ಸೇರಿಕೊಂಡಿತ್ತು: ಇಂತಿಂಥ ದಿನಾಂಕಕ್ಕಿಂತ ಹಿಂದಿನ ಇಂತಿಂಥ ಕೇಸಿಗೆ ಇದು ಅನ್ವಯಿಸದು. ಆ ವಿವರಣೆಗೆ ಹೊಂದುತ್ತಿದ್ದದ್ದು ದೇಶದಲ್ಲಿ ಒಂದೇ ಕೇಸು, ವಾರ್ಡ್ಸ್ ಕೋವ್. ಯಾರ ಕೇಸಿನಿಂದ ಕಾಯ್ದೆ ಹುಟ್ಟಿತೋ ಅವರನ್ನೇ ಹೊರಗಿಟ್ಟ ಕಾಯ್ದೆ!

ಅದೇ 1974ರಲ್ಲಿ, ಮೇ 1ರ ಕಾರ್ಮಿಕರ ದಿನದಂದು, ಮನಿಲಾದಲ್ಲಿ ಮಾರ್ಕೋಸ್ ಹೊಸ ಕಾರ್ಮಿಕ ಸಂಹಿತೆಗೆ ಸಹಿ ಹಾಕಿದರು. ಜನರನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸುವುದನ್ನು ಸರ್ಕಾರವೇ ವ್ಯವಸ್ಥಿತವಾಗಿ ಕೈಗೆತ್ತಿಕೊಂಡದ್ದು ಅಲ್ಲಿಂದ. ನರ್ಸುಗಳು, ನಾವಿಕರು, ಮನೆಗೆಲಸದವರು, ಟೀಚರುಗಳು ಹೊರಟರು. ಅವರು ಕಳಿಸುವ ಹಣ ದೇಶದ ಬೆನ್ನೆಲುಬಾಯ್ತು. 1988ರಲ್ಲಿ ಅಧ್ಯಕ್ಷೆ ಕೊರಾಜಾನ್ ಅಕಿನೊ ಇವರನ್ನು ಕರೆದ ಹೆಸರು ಇವತ್ತಿಗೂ ಉಳಿದಿದೆ: 'ಬಾಗೊಂಗ್ ಬಯಾನಿ', ಹೊಸ ವೀರರು.

ಹೊಗಳಿಕೆ ಮತ್ತೆ ಬಂತು ನೋಡಿ. ಅದರ ಬೆಲೆ ಎಷ್ಟು ಅಂತ ತಿಳಿಯಲು ಇತ್ತೀಚಿನ ಒಂದು ಪ್ರಸಂಗ ಸಾಕು. 2007ರಿಂದೀಚೆಗೆ ಅಮೆರಿಕದ ಲೂಸಿಯಾನಾ ರಾಜ್ಯದ ಸರ್ಕಾರಿ ಶಾಲೆಗಳಿಗೆ ಫಿಲಿಪೀನ್ಸಿನಿಂದ ಸುಮಾರು 350 ಟೀಚರುಗಳನ್ನು ಕರೆತಂದರು. ಯಾವ ವೀಸಾ ಗೊತ್ತೇ? ಎಚ್-1ಬಿ. ಹೌದು, ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಜಾತಕದಷ್ಟೇ ಚರ್ಚೆಯಾಗುವ ಅದೇ ಎಚ್-1ಬಿ. ಏಜೆನ್ಸಿಯವರು ಒಬ್ಬೊಬ್ಬರಿಂದ ಕಿತ್ತದ್ದು ಸುಮಾರು 16,000 ಡಾಲರ್. ಎಷ್ಟೋ ಜನ ಸಾಲ ಮಾಡಿ ಕಟ್ಟಿದ್ದರು. ಟೀಚರುಗಳು ಒಟ್ಟಾಗಿ ಕೋರ್ಟಿಗೆ ಹೋದರು. 2012ರ ಡಿಸೆಂಬರಿನಲ್ಲಿ ಜ್ಯೂರಿ ಅವರಿಗೆ 45 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. 1901ರಲ್ಲಿ 500 ಅಮೆರಿಕನ್ ಟೀಚರುಗಳನ್ನು ಸರ್ಕಾರವೇ ಹಡಗು ಖರ್ಚು ಹಾಕಿ ಅತ್ತ ಕಳಿಸಿತ್ತು. ನೂರು ವರ್ಷದ ಮೇಲೆ ಇತ್ತ ಬಂದ ಟೀಚರುಗಳು ತಮ್ಮ ಜೇಬಿನಿಂದ, ಸಾಲದಿಂದ ಬಂದರು. ಆಗ ಹೋದ ಇಂಗ್ಲಿಷೇ ಈಗ ವಾಪಸ್ ಬಂತು, ಆದರೆ ಪ್ರಯಾಣದ ಬಿಲ್ಲು ಮಾತ್ರ ಬೇರೆಯವರ ಹೆಸರಿಗೆ.

ಕೊನೆಯ ಪಾಠ

ಥೆಲ್ಮಾ ಶಾಸಕಿಯ ಕುರ್ಚಿ ಬಿಟ್ಟ ಮೇಲೆ ಏನು ಮಾಡಿದರು ಅನ್ನೋದೇ ನನಗೆ ಅವರ ಬದುಕಿನ ಅತಿ ಮುಖ್ಯ ಭಾಗ. ಐವತ್ತು ದಾಟಿದ ಮೇಲೆ ಕಾನೂನು ಓದಿ ಪದವಿ ತಗೊಂಡು ವಕೀಲೆಯಾದರು. ಅಲಾಸ್ಕಾದ ಏಷ್ಯನ್ನರಿಗಾಗಿ ಸಾಂಸ್ಕೃತಿಕ ಕೇಂದ್ರ ಕಟ್ಟುವುದರಲ್ಲಿ ದುಡಿದರು. 1996ರಲ್ಲಿ ಒಂದು ಪುಸ್ತಕ ಹೊರತಂದರು: 'ಫಿಲಿಪಿನೋಸ್ ಇನ್ ಅಲಾಸ್ಕಾ: 1788–1958'.

ಹೆಸರಿನಲ್ಲಿರುವ ಎರಡು ಇಸವಿಗಳನ್ನು ಗಮನಿಸಿ. 1788ರಲ್ಲಿ ತುಪ್ಪುಳದ ವ್ಯಾಪಾರಕ್ಕೆ ಬಂದ ಹಡಗೊಂದರಲ್ಲಿ ಮನಿಲಾದ ಒಬ್ಬ ನಾವಿಕ ಅಲಾಸ್ಕಾದ ತೀರಕ್ಕೆ ಬಂದಿದ್ದ. ಅಲಾಸ್ಕಾ ಅಮೆರಿಕದ ರಾಜ್ಯವಾದದ್ದು 1959ರ ಜನವರಿಯಲ್ಲಿ. ಪುಸ್ತಕ ನಿಲ್ಲುವುದು ಅದರ ಹಿಂದಿನ ವರ್ಷಕ್ಕೆ. ಅಂದರೆ ಥೆಲ್ಮಾ ಸದ್ದಿಲ್ಲದೆ ಹೇಳುತ್ತಿದ್ದದ್ದು ಇಷ್ಟು: ನೀವು ರಾಜ್ಯವಾಗುವ 170 ವರ್ಷ ಮೊದಲೇ ನಮ್ಮವರು ಇಲ್ಲಿದ್ದರು. 'ಎಲ್ಲಿಂದ ಬಂದೋರು ನೀವು' ಅಂತ ಕೇಳುವವರಿಗೆ ಟೀಚರಮ್ಮ ಕೊಟ್ಟ ಉತ್ತರ.

ಇದನ್ನು ಅವರು ಒಬ್ಬರೇ ಮಾಡಿದ್ದಲ್ಲ. ಸಿಯಾಟಲ್‌ನಲ್ಲಿ ಡೊರೊತಿ ಕೊರ್ಡೊವಾ ಮತ್ತು ಅವರ ಗಂಡ ಫ್ರೆಡ್ 1982ರಲ್ಲಿ ಫಿಲಿಪಿನೊ ಅಮೆರಿಕನ್ನರ ಇತಿಹಾಸಕ್ಕಾಗಿಯೇ ಒಂದು ರಾಷ್ಟ್ರೀಯ ಸಂಘ ಕಟ್ಟಿದ್ದರು. ಡೊರೊತಿ ಎಂಟು ಮಕ್ಕಳ ತಾಯಿ. ವಲಸೆ ಬಂದವರ ಮಗಳು. ಹಳೆಯ ಕೂಲಿಗಳು ಸಾಯುವ ಮೊದಲು ಅವರ ಮಾತು ರೆಕಾರ್ಡ್ ಮಾಡಿಕೊಳ್ಳಬೇಕು, ಅವರ ಟ್ರಂಕಿನ ಫೋಟೊಗಳು ಕಸಕ್ಕೆ ಹೋಗಬಾರದು ಅನ್ನೋ ಧಾವಂತ ಆ ಸಂಘದ್ದು. ಥೆಲ್ಮಾ ಮುಂದೆ ಅದರ ಅಧ್ಯಕ್ಷೆಯೂ ಆದರು. ಹೆಂಗಸರಿಲ್ಲದ ಊರಿನ ಆ ಗಂಡಸರಿಗೆ ನೆನಪಿನ ಮನೆಯೊಂದನ್ನು ಕಟ್ಟಿಕೊಟ್ಟವರಲ್ಲಿ ಇಂಥ ತಾಯಂದಿರೇ ಮುಂದಿದ್ದರು.

ಥೆಲ್ಮಾ 2007ರ ನವೆಂಬರಿನಲ್ಲಿ ತೀರಿಕೊಂಡರು. ಅವರನ್ನು ಬರೀ ತ್ಯಾಗಮಯಿ ತಾಯಿ ಅಂತ ನೆನೆಯುವುದು ಸುಲಭ. ಹಾಗೆ ನೆನೆದರೆ ನಮ್ಮಿಂದ ಯಾರೂ ಏನೂ ಕೇಳುವುದಿಲ್ಲ, ಹೂವು ಇಟ್ಟು ಬರಬಹುದು. ಆದರೆ ಅವರು ಮಾಡಿದ್ದು ಕೆಲಸ. ತರಗತಿಯಲ್ಲಿ ಮಾಡಿದ್ದಕ್ಕೆ ಸಂಬಳ ಇತ್ತು, ಸಭೆಯಲ್ಲಿ ಮಾಡಿದ್ದಕ್ಕೆ ಅಧಿಕಾರ ಇತ್ತು, ಸಂಘದಲ್ಲಿ ಮಾಡಿದ್ದಕ್ಕೆ ಎರಡೂ ಇರಲಿಲ್ಲ. ಮೂರನ್ನೂ ಬೇರೆ ಬೇರೆ ಎಣಿಸಿದರೆ ಮಾತ್ರ ಆ ಬದುಕಿಗೆ ನ್ಯಾಯ.

ಈಗ ನಮ್ಮ ಕಡೆ ತಿರುಗಿ ನೋಡಿ. ಹೊರದೇಶದ ಊರುಗಳಲ್ಲಿ ವಾರಾಂತ್ಯಕ್ಕೆ ಕನ್ನಡ ತರಗತಿ ನಡೆಯುತ್ತೆ. ಕನ್ನಡ ಕೂಟದ ಯುಗಾದಿಗೆ ಮಕ್ಕಳಿಂದ ನಾಟಕ ಆಡಿಸುವವರು, ನೂರಿಪ್ಪತ್ತು ಜನಕ್ಕೆ ಚಿತ್ರಾನ್ನ ಕಲಸುವವರು, ಹೊಸದಾಗಿ ಬಂದ ಹುಡುಗಿಗೆ ಡಾಕ್ಟರ್ ಎಲ್ಲಿ ಅಂತ ಹೇಳುವವರು ಹೆಚ್ಚಾಗಿ ಒಬ್ಬರೇ ಆಂಟಿ. ವೀಸಾ ನಿಯಮದಿಂದ ತಮ್ಮ ಕೆಲಸ ಬಿಟ್ಟು ಕೂತವರೂ ಅವರಲ್ಲಿದ್ದಾರೆ. ಕೊನೆಗೆ ವೇದಿಕೆ ಮೇಲೆ ಒಂದು ಶಾಲು, ಒಂದು ಫಲಕ, 'ನಿಸ್ವಾರ್ಥ ಸೇವೆ' ಅನ್ನೋ ಎರಡು ಪದ. ಆ ತರಗತಿ ಯಾವ ವರ್ಷ ಶುರುವಾಯ್ತು, ಮೊದಲ ಬ್ಯಾಚಿನಲ್ಲಿ ಎಷ್ಟು ಮಕ್ಕಳಿದ್ದರು, ಹಾಲಿನ ಬಾಡಿಗೆ ಯಾರು ಕಟ್ಟಿದರು, ಆ ಆಂಟಿ ಬಿಟ್ಟು ಬಂದ ಕೆಲಸ ಯಾವುದು? ಇದನ್ನೆಲ್ಲ ಯಾರಾದರೂ ಬರೆದಿಟ್ಟಿದ್ದಾರಾ?

ಅಷ್ಟು ದೂರ ಯಾಕೆ, ನಿಮ್ಮ ಮನೆಯಲ್ಲೇ ರಿಟೈರಾದ ಟೀಚರಮ್ಮ ಒಬ್ಬರು ಇರಬಹುದು. ಈ ಭಾನುವಾರ ಫೋನಿನ ರೆಕಾರ್ಡರ್ ಆನ್ ಮಾಡಿ ಅವರ ಪಕ್ಕ ಕೂತ್ಕೊಳ್ಳಿ. 'ನೀನು ನಮಗೋಸ್ಕರ ಎಷ್ಟು ಕಷ್ಟಪಟ್ಟೆ ಅಲ್ವಾ ಅಮ್ಮ' ಅಂತ ಶುರು ಮಾಡಬೇಡಿ, ಅದಕ್ಕೆ ಅವರು ಅಯ್ಯೋ ಬಿಡು ಅಂತಾರೆ ಅಷ್ಟೇ. ಮೊದಲ ಪೋಸ್ಟಿಂಗ್ ಯಾವ ಊರು, ಮೊದಲ ಸಂಬಳ ಎಷ್ಟು, ಅದನ್ನು ಯಾರ ಕೈಗೆ ಕೊಟ್ಟೆ, ಶಾಲೆಗೆ ಹೋಗುವಾಗ ನನ್ನನ್ನು ಯಾರ ಹತ್ತಿರ ಬಿಡ್ತಿದ್ದೆ ಅಂತ ಕೇಳಿ. ಊರಿನ ಹೆಸರು, ಇಸವಿ, ರೂಪಾಯಿ ಸರಿಯಾಗಿ ಬರೆದುಕೊಳ್ಳಿ.